ಆ ಮಾತು ಹೊರಬಿದ್ದದ್ದು ನನ್ನ ಬಾಯಿಂದ

ಲಕ್ಕಮ್ಮನವರು ನಂಬಿ ಹೇಳಿಕೊಂಡ ಮಾತನ್ನು ಅವರ ಮಗನ ಕಿವಿಗೆ ಹಾಕಿದವನು ನಾನು. ಶುಭಾ ಅಲ್ಲ. ಆ ತಪ್ಪನ್ನು ಶುಭಾ ತನ್ನದೇ ಎಂದು ಹೊತ್ತುಕೊಂಡಾಗ ಪಕ್ಕದಲ್ಲೇ ನಿಂತಿದ್ದು ಬಾಯಿ ಬಿಡದೆ ಇದ್ದವನೂ ನಾನೇ. ಇನ್ನೂ ಒಂದಿದೆ — ಅದನ್ನು ನನ್ನ ಹೆಂಡತಿಗೂ ಹೇಳಿಲ್ಲ — ಅದನ್ನೂ ಹೇಳುತ್ತೇನೆ.

ನಾನು ವೈದ್ಯ. ಮೈಸೂರು ರಸ್ತೆ ಕಡೆಯ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ, ಹೆಸರು ಬೇಡ, ಮೆಡಿಸಿನ್ ವಿಭಾಗದ ಪ್ರೊಫೆಸರ್. ಮನೆ ಬಸವೇಶ್ವರನಗರ. ಶುಭಾ ನನ್ನ ಕೈಕೆಳಗೆ ಎಂ.ಡಿ. ಮಾಡುತ್ತಿದ್ದ ಹುಡುಗಿ. ವಿಜಯನಗರದವಳು, ತಂದೆ ಬಸ್ ಕಂಡಕ್ಟರ್ ಆಗಿದ್ದವರು. ಓದಿನಲ್ಲಿ ಎಲ್ಲರಿಗಿಂತ ಮುಂದೆ ಅಂತೇನೂ ಅಲ್ಲ. ಆದರೆ ರೋಗಿಯ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರೆ, ಆ ರೋಗಿ ಮಾತು ಮುಗಿಸುವವರೆಗೂ ಏಳುತ್ತಿರಲಿಲ್ಲ. ರೌಂಡ್ಸ್ ತಡವಾಗುತ್ತದೆ ಎಂದು ಅದಕ್ಕೇ ಅವಳನ್ನು ಎಷ್ಟೋ ಸಲ ಗದರಿಸಿದ್ದೇನೆ.

ಲಕ್ಕಮ್ಮನವರು ಅನ್ನಪೂರ್ಣೇಶ್ವರಿ ನಗರದಿಂದ ಬರುತ್ತಿದ್ದರು. ಬಡಾವಣೆ ಆಗುವ ಮುಂಚೆ ಅಲ್ಲೇ ಅವರ ಹೊಲವಿತ್ತು. ಈಗ ಮಗ ಕೃಷ್ಣಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು, ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದ. ತಾಯಿಗೆ ಉಸಿರು ಕಟ್ಟುತ್ತದೆ, ಎದೆ ಭಾರ. ಇಸಿಜಿ, ಎಕೋ, ಸ್ಕ್ಯಾನು, ರಕ್ತ — ಎಲ್ಲ ಸರಿಯಾಗಿತ್ತು. ನಾನು ಗ್ಯಾಸಿನ ಮಾತ್ರೆ ಬರೆದೆ. ಮತ್ತೆ ಬಂದರು. ಮಾತ್ರೆ ಬದಲಾಯಿಸಿದೆ. ಮತ್ತೂ ಬಂದರು.

"ಎದೆ ಮ್ಯಾಲೆ ಮಣ್ಣು ಹಾಕ್ದಂಗಾಯ್ತದೆ ಸಾಮಿ" ಅನ್ನುತ್ತಿದ್ದರು. ನಾನು ಅದನ್ನು ಎದೆ ಭಾರ ಎಂದು ಅರ್ಥ ಮಾಡಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ಶುಭಾ ಮುಂದಕ್ಕೆ ಹೋಗಲಿಲ್ಲ. ಒಂದು ದಿನ ಕೇಳಿದಳು: "ಅಜ್ಜಿ, ಮಣ್ಣು ಅಂತ ಯಾಕೆ ಹೇಳ್ತೀರಾ?"

ಆ ಅಜ್ಜಿ ಆವತ್ತು ಸೆರಗು ಸರಿಮಾಡಿಕೊಂಡು ಎದ್ದು ಹೋದರಂತೆ. ಮುಂದಿನ ವಾರ ಬಂದು ತಾವಾಗಿಯೇ ಹೇಳಿದರಂತೆ.

ಕೃಷ್ಣಪ್ಪನಿಗಿಂತ ಮುಂಚೆ ಅವರಿಗೊಂದು ಗಂಡು ಮಗು ಆಗಿತ್ತು. ಇನ್ನೂ ಅಂಬೆಗಾಲಿಡುವಾಗಲೇ ಜ್ವರ ಬಂದು ಹೋಯಿತು. ಹೊಲದ ಮೂಲೆಯಲ್ಲಿ, ಹೊಂಗೆಮರದ ಕೆಳಗೆ ಗಂಡ ಅದನ್ನು ಮಣ್ಣು ಮಾಡಿದ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಕಳೆ ಕೀಳಲು ಹೋದಾಗೆಲ್ಲ ಆಕೆ ಆ ಮರದ ಕೆಳಗೆ ಒಂದು ಗಳಿಗೆ ಕೂತು ಬರುತ್ತಿದ್ದರು — ಅಷ್ಟೇ. ಗಂಡ ಹೋದ. ಮಗ ಹೊಲವನ್ನು ಸೈಟು ಮಾಡಿ ಮಾರಿದ. ಮರ ಕಡಿದರು. ಅಲ್ಲೊಂದು ಮನೆ ಎದ್ದಿತು. ಪಾಯ ತೋಡುವಾಗ ಆಕೆ ರಸ್ತೆಯ ಈಚೆ ನಿಂತು ನೋಡಿದ್ದರು, ಯಾರಿಗೂ ಏನೂ ಹೇಳದೆ. "ಈಗ ಆ ಜಾಗ್ದಾಗೆ ಕಾರು ನಿಲ್ಸ್ತಾರೆ ಕಣವ್ವ" ಅಂದರಂತೆ.

ಆಮೇಲೆ ಪ್ರತಿ ವಾರ ಶುಭಾ ಅವರ ಜೊತೆ ಕೂರುತ್ತಿದ್ದಳು. ಕೂತು ಸುಮ್ಮನೆ ಸಮಾಧಾನ ಹೇಳುತ್ತಿರಲಿಲ್ಲ. ನಮ್ಮ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯನ್ನು ಕೇಳಿ ಕೇಳಿ, ಏನು ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಕಲಿತು ಬರುತ್ತಿದ್ದಳು. ಆ ಮಗುವಿಗೆ ಏನು ಹೆಸರಿಟ್ಟಿದ್ದಿರಿ ಎಂದು ಕೇಳಿದ್ದಳು. ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಲಕ್ಕಮ್ಮನವರ ಉಸಿರುಗಟ್ಟುವಿಕೆ ಕಡಿಮೆಯಾಗುತ್ತಾ ಬಂತು. ನಾನೇ ಕಣ್ಣಾರೆ ಕಂಡೆ — ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬಂದಿದ್ದರು.

ಇದನ್ನು ನೋಡಿ ನಾನು ಸಂತೋಷಪಡಬೇಕಿತ್ತು. ನನಗೆ ಆದದ್ದು ದಿಗಿಲು.

ಯಾಕೆ ಎಂದು ಹೇಳಬೇಕಾದರೆ, ಹೆಂಡತಿಗೂ ಹೇಳದ ಆ ಇನ್ನೊಂದನ್ನು ಹೇಳಬೇಕು. ನಾನು ಇನ್ನೂ ಹೊಸ ಲೆಕ್ಚರರ್ ಆಗಿದ್ದಾಗ, ಹೊಸದಾಗಿ ಮದುವೆಯಾಗಿದ್ದ ಒಬ್ಬ ಹುಡುಗಿ ಡೆಂಗ್ಯೂ ಆಗಿ ನನ್ನ ವಾರ್ಡಿನಲ್ಲಿ ತೀರಿಕೊಂಡಳು. ನನ್ನ ತಪ್ಪೇನೂ ಇರಲಿಲ್ಲ ಎಂದು ಎಲ್ಲರೂ ಹೇಳಿದರು. ಅದಾದ ಮೇಲೆ ವಾರ್ಡಿನ ಬಾಗಿಲ ಹತ್ತಿರ ಹೋದರೆ ನನ್ನ ಗಂಟಲು ಕಟ್ಟುತ್ತಿತ್ತು. ಕೈ ಬೆವರಿ ಸ್ಟೆತಸ್ಕೋಪು ಜಾರುತ್ತಿತ್ತು. ಕೆಲಸ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆಗ ಮಾರೇನಹಳ್ಳಿಯಲ್ಲಿ ಒಬ್ಬ ಸೈಕೋಥೆರಪಿಸ್ಟ್ ಇದ್ದರು, ನಡುವಯಸ್ಸಿನ ಹೆಂಗಸು, ಮನೆಯ ಮಹಡಿಯ ಮೇಲೆ ಒಂದು ಕೋಣೆ. ಲೈಬ್ರರಿಗೆ ಎಂದು ಮನೆಯಲ್ಲಿ ಹೇಳಿ, ಸ್ಕೂಟರನ್ನು ಬೇರೆ ಬೀದಿಯಲ್ಲಿ ನಿಲ್ಲಿಸಿ, ನಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನ ಆಕೆ ಬೇರೇನೂ ಕೇಳದೆ, "ಆ ಹುಡುಗಿ ಹೋದ ದಿನ ನೀವು ಊಟ ಮಾಡಿದ್ರಾ?" ಎಂದು ಕೇಳಿದರು. ನಾನು ಅತ್ತುಬಿಟ್ಟೆ. ವರ್ಷಕ್ಕೂ ಮೇಲೆ ಹೋದೆ. ನಾನು ಇವತ್ತು ವೈದ್ಯನಾಗಿ ಉಳಿದಿದ್ದರೆ ಅದು ಆ ಮಹಡಿಯ ಕೋಣೆಯಿಂದ. ಒಂದು ಮಾತ್ರೆಯನ್ನೂ ನುಂಗದೆ, ಮಾತಿನಿಂದ.

ಅಂದರೆ — ಗೊತ್ತಿಲ್ಲದೆ ಮಾಡಿದ್ದಲ್ಲ. ಮಾತು ಚಿಕಿತ್ಸೆಯಾಗಬಲ್ಲದು ಎಂದು ನಮ್ಮ ಇಡೀ ವಿಭಾಗದಲ್ಲಿ ಮೈಮೇಲೆ ಅನುಭವಿಸಿ ತಿಳಿದಿದ್ದವನು ಬಹುಶಃ ನಾನೊಬ್ಬನೇ.

ಆದರೂ ವಿಭಾಗದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿದೆ. "ವಾರ ವಾರ ಆ ಅಜ್ಜಿ ಹತ್ರ ಏನಮ್ಮ ಮಾತಾಡ್ತೀಯ? ನಮಗೂ ಹೇಳು" ಅಂದೆ. ಅವಳು ಹಿಂಜರಿದಳು. ನಾನು ಬಿಡಲಿಲ್ಲ. ಹೆಸರು ಹೇಳದೆ, ತಗ್ಗಿದ ದನಿಯಲ್ಲಿ ಮಗುವಿನ ವಿಷಯ ಹೇಳಿದಳು. ಆಮೇಲೆ, ಪಿ.ಜಿ. ವಿದ್ಯಾರ್ಥಿಗಳೆಲ್ಲ ಸ್ವಲ್ಪ ಕಾಲ ಮನಶ್ಶಾಸ್ತ್ರಜ್ಞರ ಜೊತೆ ಕೂತು ಇದನ್ನು ಕಲಿಯುವ ಹಾಗಾಗಬೇಕು ಎಂದು ಕೇಳಿಕೊಂಡಳು.

"ಇದಕ್ಕೆ ಎಂ.ಡಿ. ಯಾಕಮ್ಮ? ಅರಳಿಕಟ್ಟೆ ಸಾಕು" ಅಂದೆ. ಎಲ್ಲರೂ ನಕ್ಕರು.

ಅವಳು ನಗಲಿಲ್ಲ. "ಸಾರ್, ನಂಗೆ ಗೊತ್ತಿರೋದು ತುಂಬಾ ಕಡಿಮೆ. ತಿಳೀದೆ ಏನಾದ್ರೂ ತಪ್ಪು ಮಾಡಿಬಿಡ್ತೀನೇನೋ ಅಂತ ಭಯ ಆಗುತ್ತೆ. ಅದಕ್ಕೇ ಕಲಿಸಿ ಅಂತಿದೀನಿ. ನಿಮಗೆ ಇದರಲ್ಲಿ ನಂಬಿಕೆ ಇಲ್ವಾ ಸಾರ್?"

"ಇಲ್ಲ" ಅಂದೆ.

ಆ ಒಂದು ಶಬ್ದದಿಂದ ನಾನು ಕಾಪಾಡಿಕೊಂಡದ್ದು ನನ್ನನ್ನು. ಇದೆ ಎಂದಿದ್ದರೆ, ಹೇಗೆ ಗೊತ್ತು ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಕೇಳುತ್ತಿರಲಿಲ್ಲ, ಬಹುಶಃ. ಆದರೂ —

ಕೆಲವು ದಿನಗಳ ಮೇಲೆ ಕೃಷ್ಣಪ್ಪ ನನ್ನ ಕೋಣೆಗೆ ಬಂದ. ಬಾಗಿಲು ಹಾಕಿಕೊಂಡ. "ಸಾರ್, ನಮ್ಮವ್ವಂಗೆ ಹುಚ್ಚು ಅಂತ ತೀರ್ಮಾನ ಮಾಡಿದೀರಾ? ಮಾನಸಿಕದೋರ್ ಹತ್ರ ಕೇಳ್ಕೊಂಡು ಬಂದು ಆ ಹುಡುಗಿ ಏನೇನೋ ಕೇಳ್ತಾಳಂತೆ. ನಾವೇನು ಮನೇಲಿ ಹಿಂಸೆ ಕೊಡ್ತಾ ಇದೀವಾ?"

ನಾನು ಹೇಳಬೇಕಾಗಿದ್ದದ್ದು ಇಷ್ಟೇ: ನಿಮ್ಮ ತಾಯಿ ಗುಣವಾಗುತ್ತಿದ್ದಾರೆ, ಅವರು ಹೇಳಿದ್ದು ಅವರದು, ಬೇಕಾದರೆ ಅವರನ್ನೇ ಕೇಳಿ. ವೈದ್ಯನಾದವನು ಮೊದಲ ವರ್ಷದಲ್ಲೇ ಕಲಿಯುವ ಪಾಠ ಅದು. ಆದರೆ ಅವನ ದನಿ ಏರುತ್ತಿತ್ತು, ಹೊರಗೆ ಜನ ಕಾಯುತ್ತಿದ್ದರು, ಅವನು ಸುಮ್ಮನಾದರೆ ಸಾಕು ಎನಿಸಿತ್ತು.

"ನಿಮ್ಮ ಬಗ್ಗೆ ಏನೂ ಇಲ್ಲ ಕೃಷ್ಣಪ್ಪನವರೇ" ಅಂದೆ. "ನಿಮಗಿಂತ ಮುಂಚೆ ಒಂದು ಮಗು ಹೋಗಿತ್ತಂತಲ್ಲ, ಹೊಲದಲ್ಲೇ ಮಣ್ಣು ಮಾಡಿದ್ದು. ಆ ಜಾಗ ಮಾರಿದ್ದು ಮನಸ್ಸಿಗೆ ಹಚ್ಕೊಂಡಿದಾರೆ, ಅಷ್ಟೇ. ವಯಸ್ಸಾದೋರು. ಬಿಡಿ."

ಅವನ ಮುಖ ಬಿಳಿಚಿಕೊಂಡಿತು. ಅವನಿಗೊಬ್ಬ ಅಣ್ಣ ಇದ್ದನೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅದು ನನಗೆ ಹೊಳೆದದ್ದು ಅವನು ಎದ್ದು ಹೋದ ಮೇಲೆ.

ಅವನು ಮನೆಯಲ್ಲಿ ಏನು ಮಾತಾಡಿದ ಎಂಬುದನ್ನು ಆಮೇಲೆ ಕೇಳಿದೆ. ಅಣ್ಣನ ಗೋರಿ ಮಾರಿದವನು ನಾನು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆಯಾ ಎಂದು ತಾಯಿಯ ಮೇಲೆ ಕೂಗಾಡಿದ್ದನಂತೆ, ಸೊಸೆ ಮೊಮ್ಮಕ್ಕಳ ಎದುರಿಗೆ.

ಲಕ್ಕಮ್ಮನವರು ಇನ್ನೊಂದು ಸಲ ಮಾತ್ರ ಬಂದರು. ನಾನು ವಾರ್ಡಿನಲ್ಲಿದ್ದೆ, ಶುಭಾ ನನ್ನ ಪಕ್ಕದಲ್ಲಿದ್ದಳು. ಅವಳು ಸ್ಟೂಲು ಎಳೆದಳು. ಆಕೆ ಕೂರಲಿಲ್ಲ. ಕೋಪ ಇರಲಿಲ್ಲ ಆ ಮುಖದಲ್ಲಿ — ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ನಿನ್ ತಾವ ಮಡಗಿದ್ದೆ ಕಣವ್ವ" ಅಂದರು. "ಯಾಕವ್ವ ಕೊಟ್ಬುಟ್ಟೆ?"

ಶುಭಾ ಎಳೆದ ಸ್ಟೂಲನ್ನು ಹಿಂದಕ್ಕೆ ಸರಿಸಿದಳು. ಮೀಟಿಂಗಿನಲ್ಲಿ ತಾನಾಡಿದ ಮಾತೇ ಹೇಗೋ ಹೊರಗೆ ಹೋಗಿದೆ ಎಂದುಕೊಂಡಳು. "ತಪ್ಪಾಯ್ತು ಅಜ್ಜಿ" ಅಂದಳು. ಆಕೆ ತಲೆ ಅಲ್ಲಾಡಿಸಿ ಹೊರಟುಹೋದರು. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಲಿಫ್ಟಿನ ಹತ್ತಿರ ಹೋಗಿ ಆಕೆಯನ್ನು ನಿಲ್ಲಿಸಬಹುದಿತ್ತು. ಈ ಹುಡುಗಿಯಲ್ಲ ಅಜ್ಜಿ, ನಾನು — ಅಷ್ಟೇ ಸಾಕಿತ್ತು.

ಬದಲಿಗೆ ಶುಭಾಳ ಕಡೆ ತಿರುಗಿ, "ಇದರಿಂದಾದ್ರೂ ಕಲಿ" ಅಂದೆ. ಹೌದು, ಹಾಗೆಯೇ ಅಂದೆ.

ಅವಳು ಕಲಿತಳು. ಆಮೇಲೆ ಯಾವ ರೋಗಿಯ ಪಕ್ಕವೂ ಕೂರಲಿಲ್ಲ. ನಿಂತುಕೊಂಡೇ ನೋಡಿ, ಬರೆದು, ಮುಂದಿನ ಹಾಸಿಗೆಗೆ ಹೋಗುತ್ತಿದ್ದಳು. ರೌಂಡ್ಸ್ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ನಾನು ಅವಳನ್ನು ಹೊಗಳಿದ್ದೂ ಉಂಟು.

ವರ್ಷಗಳಾದ ಮೇಲೆ, ಹೋದ ವರ್ಷ, ಕೃಷ್ಣಪ್ಪ ತನ್ನ ಸಕ್ಕರೆ ಕಾಯಿಲೆಗೆ ತೋರಿಸಲು ಬಂದ. ತಾಯಿ ತೀರಿಹೋಗಿದ್ದರು. ನಮ್ಮಲ್ಲಿಂದ ಬಿಡಿಸಿ ಬೇರೆ ಕಡೆಗೆಲ್ಲ ಕರೆದುಕೊಂಡು ಹೋಗಿದ್ದನಂತೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಆಪರೇಷನ್ನೂ ಆಯಿತಂತೆ. ಎದೆಯ ಮಣ್ಣು ಮಾತ್ರ ಹೋಗಲಿಲ್ಲ. ಕೊನೆಕೊನೆಗೆ ಮಾತೇ ನಿಂತಿತ್ತಂತೆ.

"ನನ್ನ ಹೆಸರೂ ಕರೀಲಿಲ್ಲ ಸಾರ್" ಅಂದ. ಔಷಧಿ ಚೀಟಿ ಮಡಿಸಿಕೊಳ್ಳುತ್ತಾ, "ಆ ಹುಡುಗಿ ಡಾಕ್ಟ್ರ ಹತ್ರ ಹೋಗಿ ಬಂದ ದಿನ ಒಂದು ಮುದ್ದೆ ಪೂರ್ತಿ ಉಣ್ಣೋರು. ಅದು ನಂಗೆ ಆಗ ಗೊತ್ತಾಗ್ಲಿಲ್ಲ" ಅಂದ.

ನನ್ನ ಮಾತೇ ಆಕೆಯನ್ನು ಕೊಂದಿತು ಎನ್ನಲು ನನ್ನ ಬಳಿ ಆಧಾರವಿಲ್ಲ. ಕೊಲ್ಲಲಿಲ್ಲ ಎನ್ನಲೂ ಇಲ್ಲ.

ಶುಭಾಳನ್ನು ಹುಡುಕಿದೆ. ಅವಳು ರಾಜಾಜಿನಗರದಲ್ಲಿ ವಿಮೆ ಕಂಪನಿಯೊಂದರ ಆಫೀಸಿನಲ್ಲಿ, ಆಸ್ಪತ್ರೆಗಳಿಂದ ಬಂದ ಫೈಲುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ರೋಗಿಗಳನ್ನು ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆಫೀಸಿನ ಕೆಳಗಿನ ದರ್ಶಿನಿಯಲ್ಲಿ, ನಿಂತು ಕಾಫಿ ಕುಡಿಯುವ ಕಟ್ಟೆಯ ಹತ್ತಿರ, ಎಲ್ಲವನ್ನೂ ಹೇಳಿದೆ. ಮಾರೇನಹಳ್ಳಿಯದನ್ನೂ ಹೇಳಿದೆ. ಅವಳು ನಡುವೆ ಒಂದು ಮಾತೂ ಆಡದೆ ಕೇಳಿದಳು — ಮುಂಚೆ ರೋಗಿಗಳ ಮಾತು ಕೇಳುತ್ತಿದ್ದ ಹಾಗೆಯೇ. ಕಾಫಿ ಆರಿಹೋಯಿತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೂ ಆಸೆಪಟ್ಟಿದ್ದೆ, ನಿಜ ಹೇಳಬೇಕೆಂದರೆ.

"ಅಜ್ಜಿ ಇದ್ದಾಗ ಅವರಿಗೆ ಹೇಳ್ಬೇಕಿತ್ತು ಸಾರ್" ಅಂದಳು. "ಈಗ ನಂಗೆ ಹೇಳಿದ್ರಿಂದ ನಿಮಗೆ ಹಗುರ ಆಗಬಹುದು. ಅವರು ನಾನೇ ಹೇಳಿದ್ದು ಅಂತ ಅನ್ಕೊಂಡೇ ಹೋದ್ರು. ಅದನ್ನ ನೀವೂ ಬದಲಾಯಿಸಕ್ಕಾಗಲ್ಲ, ನಾನೂ ಬದಲಾಯಿಸಕ್ಕಾಗಲ್ಲ."

"ಮತ್ತೆ ರೋಗಿಗಳನ್ನ ನೋಡಬಾರ್ದಾ ಶುಭಾ? ನಾನು ಯಾರಿಗಾದ್ರೂ ಹೇಳ್ತೀನಿ..."

"ಬೇಡ ಸಾರ್. ಯಾರಾದ್ರೂ ಮನಸ್ಸು ಬಿಚ್ಚಿ ಮಾತಾಡಕ್ಕೆ ಶುರು ಮಾಡಿದ್ರೆ ನಂಗೀಗ ಕೈ ನಡುಗುತ್ತೆ." ಲೋಟ ಅಲ್ಲೇ ಇಟ್ಟು, ಬರ್ತೀನಿ ಎಂದು ಮೆಟ್ಟಿಲು ಹತ್ತಿ ಹೋದಳು.

ಈ ವರ್ಷ ನಮ್ಮ ಕಾಲೇಜಿನಲ್ಲಿ ರೋಗಿಯೊಡನೆ ಮಾತಾಡುವುದು, ಕೇಳುವುದು, ಮನಸ್ಸಿನ ಚಿಕಿತ್ಸೆಯ ಪರಿಚಯ — ಇದಕ್ಕೆಂದು ಒಂದು ತರಗತಿ ಇಟ್ಟಿದ್ದಾರೆ. ಅದನ್ನು ತೆಗೆದುಕೊಳ್ಳಲು ನನಗೇ ಹೇಳಿದರು, ಹಿರಿಯನೆಂದು. ಮೊದಲ ದಿನವೇ ಎಲ್ಲವನ್ನೂ ಹೇಳಿಬಿಡಬೇಕೆಂದು ನಿರ್ಧರಿಸಿ ಹೋದೆ. ಮುಂದೆ ಎಳೆಯ ಮುಖಗಳು.

"ಒಂದು ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರ್ ಇದ್ದರು" ಎಂದು ಶುರುಮಾಡಿದೆ.

ಕಥೆಯನ್ನೆಲ್ಲ ಹೇಳಿದೆ. ಅಜ್ಜಿ, ಮಣ್ಣು, ಮಗು, ಹುಡುಗಿ, ಆ ಡಾಕ್ಟರು ಮಾಡಿದ್ದು — ಒಂದನ್ನೂ ಬಿಡಲಿಲ್ಲ, ಮಾರೇನಹಳ್ಳಿಯೊಂದನ್ನು ಬಿಟ್ಟು. ಕೊನೆಗೆ ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

"ಆ ಡಾಕ್ಟರ್ ಈಗ ಎಲ್ಲಿದಾರೆ ಸಾರ್?"

"ರಿಟೈರ್ ಆದರು" ಅಂದೆ.