ಇಪ್ಪತ್ತೈದು ಸೆಂಟಿನ ಮಿಲ್ಕ್‌ಶೇಕ್

ಒಬ್ಬ ಹಿರಿಯರು ತಮ್ಮ ಬದುಕಿನ ಅತಿ ದೊಡ್ಡ ನಾಚಿಕೆಯನ್ನು ನನ್ನನ್ನು ನಂಬಿ ಹೇಳಿಕೊಂಡರು. ನಾನು ಅದನ್ನೇ ಹಿಡಿದು, ನಲವತ್ತು ಜನ ಕುಳಿತಿದ್ದ ಸಭೆಯಲ್ಲಿ, ಎರಡೇ ನಿಮಿಷಗಳಲ್ಲಿ ಅವರನ್ನು ಸೋಲಿಸಿದೆ. ಆರು ವರ್ಷಗಳ ಹಿಂದೆ ನಾನು ತಿಳಿದೂ ತಿಳಿದೂ ಮಾಡಿದ ತಪ್ಪು ಇದು. ಪೀಠಿಕೆ ಹಾಕಿ, ಕಾರಣಗಳನ್ನು ಜೋಡಿಸಿ, ಕೊನೆಗೆ ಇದನ್ನು ಹೇಳುವ ಕಲೆ ನನಗೆ ಚೆನ್ನಾಗಿ ಗೊತ್ತು — ಅದಕ್ಕೇ ಮೊದಲು ಹೇಳಿಬಿಟ್ಟೆ. ಎದೆ ಈಗಲೂ ಹೊಡೆದುಕೊಳ್ಳುತ್ತಿದೆ, ವೇದಿಕೆ ಹತ್ತುವ ಮುನ್ನ ಹೊಡೆದುಕೊಳ್ಳುವ ಹಾಗೆ.

ಅವರ ಹೆಸರು ರೂನೆ. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ನಾವಿರುವ ವಸತಿ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರೇ ಇದ್ದಾರೆ. ಹದಿನೇಳನೆಯ ವಯಸ್ಸಿಗೆ ಸರಕು ಹಡಗಿನ ಅಡುಗೆಮನೆ ಸೇರಿದವರು, ಆಮೇಲೆ ಬಸ್ ರಿಪೇರಿ ಮಾಡುತ್ತ ನಿವೃತ್ತರಾದವರು. ಈ ದೇಶದಲ್ಲಿ ಐವತ್ತರ ದಶಕದ ಅಮೆರಿಕದ ಮೇಲಿರುವ ಮೋಹವನ್ನು ಕಣ್ಣಾರೆ ಕಾಣದೆ ನಂಬುವುದು ಕಷ್ಟ. ಬೇಸಿಗೆ ಬಂತೆಂದರೆ ಸಾಕು — ದೋಣಿಯಷ್ಟು ಉದ್ದದ, ಹಿಂಬದಿಗೆ ರೆಕ್ಕೆ ಮೂಡಿದ ಹಳೆಯ ಅಮೆರಿಕನ್ ಕಾರುಗಳು ಪೇಟೆಯಲ್ಲಿ ಆಮೆಯಂತೆ ಮೆರವಣಿಗೆ ಹೊರಡುತ್ತವೆ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಅಜ್ಜಂದಿರು ಕಿಟಕಿಯಾಚೆ ಮೊಣಕೈ ಚಾಚಿ, ರಾಕ್ ಅಂಡ್ ರೋಲ್ ಹಾಕಿಕೊಂಡು, ಇಪ್ಪತ್ತರ ಹುಡುಗರಂತೆ ಕೂಗುತ್ತಾರೆ. ರೂನೆಯವರಿಗೆ ಕಾರಿರಲಿಲ್ಲ. ಅವರಿಗಿದ್ದದ್ದು ಒಂದು ಕೌಂಟರ್.

ಕಟ್ಟಡದ ನೆಲಮಾಳಿಗೆಯಲ್ಲಿ, ನಿವಾಸಿಗಳ ಸಂಘದ ಒಪ್ಪಿಗೆ ಪಡೆದು, ಆ ಕಾಲದ ಅಮೆರಿಕನ್ ಹೋಟೆಲುಗಳ ಮಾದರಿಯಲ್ಲಿ ಅವರೇ ಕಟ್ಟಿದ್ದು! ಹೊಳೆಯುವ ಉಕ್ಕಿನ ಅಂಚು, ಗುಂಡಗೆ ತಿರುಗುವ ಆರು ಕೆಂಪು ಸ್ಟೂಲುಗಳು, ಮೂಲೆಯಲ್ಲಿ ನಾಣ್ಯ ಹಾಕಿದರೆ ಹಾಡುವ, ಬಣ್ಣದ ದೀಪಗಳ ಜ್ಯೂಕ್‌ಬಾಕ್ಸ್, ಗೋಡೆಯ ಮೇಲೆ ಹಳೆಯ ತಗಡಿನ ಬೆಲೆಪಟ್ಟಿ — ಕಾಫಿ ಹತ್ತು ಸೆಂಟ್, ಹ್ಯಾಂಬರ್ಗರ್ ಹದಿನೈದು ಸೆಂಟ್, ಮಿಲ್ಕ್‌ಶೇಕ್ ಇಪ್ಪತ್ತೈದು ಸೆಂಟ್. ಇಲ್ಲಿ ಮಕ್ಕಳಿಗೆ ಸಿಹಿ ಸಿಗುವುದು ಶನಿವಾರ ಮಾತ್ರ. ಅದು ಮನೆಮನೆಯ ಕಟ್ಟಳೆ. ಶನಿವಾರ ಮಧ್ಯಾಹ್ನ ಎರಡಕ್ಕೆ ರೂನೆ ಬಾಗಿಲು ತೆರೆಯುತ್ತಿದ್ದರು. ಎಲ್ಲಕ್ಕೂ ಕಾರ್ಡೇ ಆಗಿ ಚಿಲ್ಲರೆಯೇ ಕಾಣದ ಈ ಊರಿನಲ್ಲಿ ಮಕ್ಕಳ ಕೈಗೆ ತಾವೇ ಕತ್ತರಿಸಿದ ತಗಡಿನ ಬಿಲ್ಲೆಗಳನ್ನು ಹಂಚಿ, ಮರುಕ್ಷಣ ಅವನ್ನೇ ಗಂಭೀರವಾಗಿ ವಸೂಲು ಮಾಡುತ್ತಿದ್ದರು.

"ಬೆಲೆ ಏರಿಲ್ಲ, ಮೇಡಂ," ಎಂದು ಮೊದಲ ದಿನ ನನ್ನ ಒಂಬತ್ತು ವರ್ಷದ ಮಗಳು ಅನಘಾಳಿಗೆ ಬಗ್ಗಿ ಹೇಳಿದ್ದರು. "ಅರವತ್ತು ವರ್ಷದಿಂದ ಇದೇ ರೇಟು. ಬೇಕಾದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

ನನ್ನ ಗಂಡ ಗಿರೀಶ ಬಿದ್ದು ಬಿದ್ದು ನಕ್ಕಿದ್ದ. "ನಮ್ ಜಯನಗರದ ಹೋಟ್ಲಿನವ್ರೂ ಹಿಂಗೇ ರೇಟ್ ಏರಿಸ್ದೆ ಇದ್ದಿದ್ರೆ, ನಾನು ಈ ಚಳಿಗೆ ವೀಸಾನೇ ಅಪ್ಲೈ ಮಾಡ್ತಿರ್ಲಿಲ್ಲ ಕಣೇ!"

ಆ ಕೌಂಟರಿನಲ್ಲಿ ಒಂದೇ ನಿಯಮವಿತ್ತು. ಬಂದ ಮಕ್ಕಳೆಲ್ಲರೂ ಕುಳಿತುಕೊಳ್ಳುವ ತನಕ ರೂನೆ ಮೊದಲ ಲೋಟ ತುಂಬುತ್ತಿರಲಿಲ್ಲ. ಸ್ಟೂಲು ಸಾಲದಿದ್ದರೆ ಪೆಟ್ಟಿಗೆ ಬೋರಲು ಹಾಕಿ, ಮೇಲೊಂದು ದಿಂಬು ಇಟ್ಟು, ಏಳನೆಯ ಮಗುವನ್ನೂ ಎಂಟನೆಯ ಮಗುವನ್ನೂ ಕೂರಿಸಿ — ಸಾಲನ್ನು ಒಮ್ಮೆ ಬೆರಳಿನಿಂದ ಎಣಿಸಿ — ಆಮೇಲೆ ಹಾಲು. ಮಕ್ಕಳಿಗೆ ಅದೊಂದು ಆಟ. ಅದು ಯಾಕೆ ಹಾಗೆ ಎಂಬುದು ಇಡೀ ಕಟ್ಟಡದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಒಂದು ಮಾರ್ಚ್ ತಿಂಗಳ ಮಧ್ಯಾಹ್ನ, ಕಾಫಿಗೆಂದು ಮನೆಗೆ ಕರೆದು, ರೂನೆ ಹೇಳಿದ್ದರು. ಅವರ ಹಡಗಿನಲ್ಲಿ ಲೂಯಿಸ್ ಎಂಬ ಅಡುಗೆಯವನಿದ್ದನಂತೆ — ಬಾಂಬೆಯಲ್ಲಿ ಹಡಗು ಹತ್ತಿದವನು, ರೂನೆಗೆ ಈರುಳ್ಳಿ ಹೆಚ್ಚಲು ಕಲಿಸಿದವನು. ಅಮೆರಿಕದ ದಕ್ಷಿಣದ ಒಂದು ಬಂದರಿನಲ್ಲಿ ಇಬ್ಬರೂ ಪೇಟೆಗೆ ಇಳಿದರು. ತಿಂಗಳುಗಟ್ಟಲೆ ಕನಸು ಕಂಡಿದ್ದ ಅಮೆರಿಕ! ಅಂಥದೇ ಒಂದು ಕೌಂಟರ್, ಕೆಂಪು ಸ್ಟೂಲು, ಹಾಡು. ರೂನೆ ಎರಡು ಮಿಲ್ಕ್‌ಶೇಕ್ ಕೇಳಿದರು. ಬಡಿಸುವಾಕೆ ಒಂದನ್ನು ಇಟ್ಟು, ಲೂಯಿಸ್‌ನತ್ತ ನೋಡದೆಯೇ, ಇಲ್ಲಿ ಬಿಳಿಯರು ಮಾತ್ರ ಕೂರಬಹುದು, ಅವನು ಹೊರಗೆ ಹೋಗಬೇಕು ಎಂದಳು.

"ಅವ್ನು, 'ನೀನು ಕುಡಿ ತಮ್ಮಾ, ನಾನು ಹೊರಗಿರ್ತೀನಿ' ಅಂದ," ಎಂದರು ರೂನೆ. "ನಾನು ಕುಡಿದೆ. ಪೂರ್ತಿ ಕುಡಿದೆ. ಗಾಜಿನಾಚೆ ಅವ್ನು ನಿಂತಿದ್ದ, ನಾನು ಕುಡೀತಾನೇ ಇದ್ದೆ. ಅದು ತುಂಬ ರುಚಿಯಾಗಿತ್ತು, ಶೈಲಾ. ನನ್ನ ಸಂಕಟ ಅದೇ."

ಮುಂದಿನ ಬಂದರಿನಲ್ಲಿ ಲೂಯಿಸ್ ಬೇರೆ ಹಡಗು ಹಿಡಿದ. ಮತ್ತೆ ಸಿಗಲಿಲ್ಲ. ಅವನ ಊರು ಯಾವುದೆಂದು ಕೂಡ ಕೇಳಿರಲಿಲ್ಲ ಎಂದರು ರೂನೆ. ಈ ಮಾತನ್ನು ತಮ್ಮ ಹೆಂಡತಿಗೂ ಹೇಳಿರಲಿಲ್ಲವಂತೆ. ನನಗೇಕೆ ಹೇಳಿದರು? ನನ್ನ ಮುಖದಲ್ಲಿ ಅವನ ನಾಡಿನ ಯಾವುದೋ ಛಾಯೆ ಕಂಡಿರಬೇಕು. ನಾನು ಅವರ ಕೈ ಹಿಡಿದುಕೊಂಡೆ. ಯಾರಿಗೂ ಹೇಳುವುದಿಲ್ಲ ಎಂದೆ. ಆ ಮಾತನ್ನು ಅಕ್ಷರಶಃ ಉಳಿಸಿಕೊಂಡೆ — ಉಳಿಸಿಕೊಂಡ ರೀತಿಯನ್ನು ಈಗ ಕೇಳಿ.

ನಾನು ಸುಧಾರಣೆಯ ಹುಚ್ಚಿನವಳು. ದಾವಣಗೆರೆಯ ಕಾಲೇಜಿನಲ್ಲಿ ಮೂರು ವರ್ಷ ಸತತ ಚರ್ಚಾಸ್ಪರ್ಧೆಯ ಪರ್ಯಾಯ ಪಾರಿತೋಷಕ ಗೆದ್ದವಳು. ಜಗತ್ತು ತಿದ್ದಿಕೊಳ್ಳಬಲ್ಲದು, ಸರಿಯಾದ ಮಾತಿನಿಂದ ತಿದ್ದಬಹುದು ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆ ವರ್ಷ ನನಗೊಂದು ಯೋಜನೆ ಹೊಳೆದಿತ್ತು: ಕಟ್ಟಡಕ್ಕೊಂದು ಹಂಚಿಕೆಯ ಕೋಣೆ. ಮಕ್ಕಳಿಗೆ ಗಿಡ್ಡವಾದ ಹಿಮದ ಬಟ್ಟೆ, ಸ್ಕೀ, ಡ್ರಿಲ್ಲು, ಹೊಲಿಗೆಯಂತ್ರ — ಎಲ್ಲವನ್ನೂ ಅಲ್ಲಿಡುವುದು, ಬೇಕಾದವರು ಒಯ್ಯುವುದು, ಯಾರೂ ಹೊಸದನ್ನು ಕೊಳ್ಳದಿರುವುದು. ಎಂಥ ಚೆಲುವಾದ ಯೋಚನೆ! ಅದಕ್ಕೆ ತಕ್ಕ ಕೋಣೆ ಒಂದೇ ಇತ್ತು. ರೂನೆಯವರ ಕೌಂಟರಿದ್ದದ್ದು.

ಸಂಘದ ವಾರ್ಷಿಕ ಸಭೆಯಲ್ಲಿ ಪ್ರಸ್ತಾವ ಮಂಡಿಸಿದೆ. ಸೋಲು ಎದುರಿಗೇ ಕಾಣುತ್ತಿತ್ತು. ಹಳಬರೆಲ್ಲ ರೂನೆಯವರ ಪರ. ಪ್ರತ್ಯುತ್ತರಕ್ಕೆ ನನಗೆ ಎರಡು ನಿಮಿಷ ಸಿಕ್ಕಿತು. ಎದ್ದು ನಿಂತೆ — ಆ ಗಳಿಗೆಯ ಹುರುಪನ್ನು ಹೇಗೆ ಬಚ್ಚಿಡಲಿ? ರಕ್ತ ಹಾಡುತ್ತಿತ್ತು. ಎದುರಾಳಿ ಉತ್ತರಿಸಲಾಗದ ಒಂದು ಅಂಶವನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂಬುದು ಕಾಲೇಜಿನಲ್ಲಿ ನನಗೆ ರೂಢಿಯಾಗಿದ್ದ ತಂತ್ರ. ಅಂಥದೊಂದು ಅಂಶ ನನ್ನ ಬಳಿ ಇತ್ತು.

ನಾನು ಹೇಳಿದೆ: "ಆ ಬೆಲೆಪಟ್ಟಿಯನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ಪಟ್ಟಿಯಲ್ಲಿ ಬರೆಯದ ಬೆಲೆಯೊಂದಿದೆ. ಆ ಕಾಲದಲ್ಲಿ, ಅಂಥ ಕೌಂಟರಿನಲ್ಲಿ, ನನ್ನ ಮಗಳನ್ನು ಕೂರಲು ಬಿಡುತ್ತಿರಲಿಲ್ಲ. ಇಲ್ಲಿ ಕುಳಿತಿರುವ ಯೂಸುಫರ ಮಕ್ಕಳನ್ನೂ ಬಿಡುತ್ತಿರಲಿಲ್ಲ. ನಮ್ಮ ನೆಲಮಾಳಿಗೆಯಲ್ಲಿ ನಾವು ಪೂಜಿಸುತ್ತಿರುವುದು ಯಾವ ಕಾಲವನ್ನು?"

ಅಧ್ಯಕ್ಷೆ ಕೇಳಿದರು — "ರೂನೆ, ನೀನೇನಾದರೂ ಹೇಳುತ್ತೀಯಾ?"

ಅವರು ನನ್ನನ್ನೇ ನೋಡುತ್ತಿದ್ದರು. ಅವರು ಎದ್ದು ಲೂಯಿಸ್‌ನ ಕಥೆ ಹೇಳಿದ್ದರೆ, ಎಲ್ಲರೂ ಕೂರುವ ತನಕ ಹಾಲು ಸುರಿಯದ ಆ ನಿಯಮದ ಅರ್ಥ ಹೇಳಿದ್ದರೆ, ನನ್ನ ವಾದ ಹುಡಿಯಾಗುತ್ತಿತ್ತು. ಅವರು ಹೇಳಲಾರರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ಅಂಶವನ್ನು ಆರಿಸಿದ್ದೆ.

"ಇಲ್ಲ," ಎಂದರು ರೂನೆ. "ಅವಳು ಹೇಳಿದ್ದು ನಿಜ."

ಕೈ ಎತ್ತಿಸಿದರು. ನಾನು ಗೆದ್ದೆ.

ಹೊರಗೆ ಬಂದಾಗ, ನಮ್ಮಂತೆಯೇ ಹೊರದೇಶದಿಂದ ಬಂದು ಈ ಕಟ್ಟಡದಲ್ಲಿ ನೆಲೆಸಿದ ಯೂಸುಫ್ ನನ್ನ ಕೈ ಕುಲುಕಿದರು. ಅವರ ಇಬ್ಬರು ಗಂಡುಮಕ್ಕಳು ಒಂದು ಶನಿವಾರವೂ ತಪ್ಪಿಸಿದವರಲ್ಲ. "ನಾನು ಆ ದೃಷ್ಟಿಯಲ್ಲಿ ನೋಡೇ ಇರ್ಲಿಲ್ಲ," ಎಂದರು. "ಅವನ ಮನಸ್ಸಲ್ಲಿ ಏನಿತ್ತೋ ಏನೋ. ಹೇಳಿದ್ದು ಒಳ್ಳೇದಾಯ್ತು, ಥ್ಯಾಂಕ್ಸ್." ಆ ಧನ್ಯವಾದವನ್ನು ನಾನು ಸ್ವೀಕರಿಸಿದೆ. 'ಅವರ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಗೊತ್ತು' ಎನ್ನಲು ಐದು ಸೆಕೆಂಡು ಸಾಕಿತ್ತು. ನಾನು — ಮುಗುಳ್ನಕ್ಕೆ.

ಮನೆಯಲ್ಲಿ ಗಿರೀಶ ಒಂದೇ ಮಾತು ಹೇಳಿದ. "ಪಾಯಿಂಟ್ ಸೂಪರ್ ಇತ್ತು ಬಿಡು. ಆದ್ರೆ ಆ ಅಜ್ಜ ಯಾಕೆ ನಿನ್ನನ್ನ ಹಂಗೆ ನೋಡಿದ್ರು?" ನಾನು ಊಟಕ್ಕೆ ತಟ್ಟೆ ಇಡತೊಡಗಿದೆ.

ರೂನೆ ಕೌಂಟರನ್ನು ಒಂದು ವಾರದಲ್ಲಿ ತಾವೇ ಬಿಚ್ಚಿದರು. ಹಂಚಿಕೆಯ ಕೋಣೆ ತೆರೆಯಿತು; ಚೆನ್ನಾಗಿಯೇ ನಡೆಯುತ್ತಿದೆ. ಕೋಣೆ ಹೋದದ್ದನ್ನು ರೂನೆ ಸಹಿಸಿಕೊಂಡರು. ಅವರು ಕಳೆದುಕೊಂಡದ್ದು ಅದಕ್ಕಿಂತ ದೊಡ್ಡದು — ಹೆಸರು. ಯೂಸುಫ್ ಮೆಟ್ಟಿಲ ಬಳಿ ಅವರೊಂದಿಗೆ ಮಾತಾಡುವುದನ್ನು ಬಿಟ್ಟರು. ಮಕ್ಕಳನ್ನು ಅವರ ಬಾಗಿಲ ಮುಂದೆ ಸುಳಿಯದಂತೆ ತಾಯಂದಿರು ಸರಸರನೆ ನಡೆಸಿಕೊಂಡು ಹೋಗತೊಡಗಿದರು. ಯಾರೂ ಅವರನ್ನು ಬೈಯಲಿಲ್ಲ. ಈ ದೇಶದಲ್ಲಿ ಬೈಯುವುದಿಲ್ಲ, ಸುಮ್ಮನೆ ಕಣ್ಣು ತಪ್ಪಿಸುತ್ತಾರೆ. ಆರು ವರ್ಷ ನಾನೂ ತಪ್ಪಿಸಿದೆ.

ಕಳೆದ ತಿಂಗಳು, ಹದಿನೈದು ತುಂಬಿದ ಅನಘಾ, ತಟ್ಟೆಯಲ್ಲಿದ್ದ ದೋಸೆ ಮುರಿಯುತ್ತ, ಎಂದಿನಂತೆ ಸ್ವೀಡಿಷ್‌ನಲ್ಲಿ ಕೇಳಿದಳು — "ಮಮ್ಮಾ, ರೂನೆ ರೇಸಿಸ್ಟ್ ಆಗಿದ್ನಾ?"

"ಯಾಕೆ ಪುಟ್ಟಾ?" ಎಂದೆ ಕನ್ನಡದಲ್ಲಿ.

"ಯಾಕಂದ್ರೆ ನಂಗೆ ಆ ಶನಿವಾರಗಳು ತುಂಬ ಇಷ್ಟ ಇದ್ವು. ಇಷ್ಟ ಆಗಿದ್ದಕ್ಕೆ ನಂಗೆ ನಾಚಿಕೆ ಆಗತ್ತೆ."

ಓದುಗರೇ, ರೂನೆಯವರ ನಾಚಿಕೆಯನ್ನು ಆಯುಧ ಮಾಡಿಕೊಂಡದ್ದು ನಾನು. ಈಗ ನನ್ನ ಮಗಳು, ಏನೂ ತಪ್ಪು ಮಾಡದವಳು, ತನ್ನ ಬಾಲ್ಯದ ಸಂತೋಷಕ್ಕೆ ನಾಚುತ್ತಿದ್ದಳು! ಕೈ ತೊಳೆದು ಅಲ್ಲೇ ಕೂತೆ. ಎಲ್ಲವನ್ನೂ ಹೇಳಿದೆ, ಗಿರೀಶನ ಎದುರಿಗೇ. ಅನಘಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಸಭೆಗೆ ಹೊಸದೊಂದು ಪತ್ರ ಸಿದ್ಧಪಡಿಸಿದೆ. ಯಾವ ಸದಸ್ಯರಾದರೂ ಲಿಖಿತವಾಗಿ ವಿಷಯ ಮಂಡಿಸಬಹುದು, ಅದು ನಡಾವಳಿಗೆ ಸೇರುತ್ತದೆ. ಮೂರು ದಿನ ಬರೆದೆ, ಜ್ವರ ಬಂದವಳಂತೆ ಬರೆದೆ, ಎರಡು ಪುಟ — ಸತ್ಯ, ನ್ಯಾಯ, ಪಶ್ಚಾತ್ತಾಪ, ಎಲ್ಲವೂ ಅದರಲ್ಲಿದ್ದವು. ಹಿಡಿದುಕೊಂಡು ರೂನೆಯವರ ಬಾಗಿಲು ತಟ್ಟಿದೆ.

ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು, ಕ್ಷಮಿಸಿದೆ ಎನ್ನಲಿಲ್ಲ. ಭೂತಗನ್ನಡಿ ಹಿಡಿದು ಎರಡೂ ಪುಟ ನಿಧಾನವಾಗಿ ಓದಿದರು. ಲೂಯಿಸ್‌ನ ಹೆಸರಿದ್ದ ಸಾಲುಗಳ ಮೇಲೆ ಬೆರಳಿಟ್ಟು, "ಇದು ಇಲ್ಲಿ ಬೇಡ," ಎಂದರು.

"ಹಾಗಾದರೆ ನಿಮ್ಮ ಹೆಸರಿಗೆ ಅಂಟಿದ ಕಳಂಕ ಹೇಗೆ ಹೋಗುತ್ತದೆ?" ಎಂದೆ.

"ಲೂಯಿಸ್‌ನದು ನಾನು ಹೇಳ್ಬೇಕಾದ ಮಾತು. ಇಲ್ಲಿ ನೀನು ಮಾಡಿದ್ದನ್ನ ನೀನು ಹೇಳು." ಭೂತಗನ್ನಡಿ ಕೆಳಗಿಟ್ಟು ಮುಂದುವರಿಸಿದರು — "ನಿನ್ನ ಭಾಷೇಲಿ ಬೇಕಾದ್ರೆ ಎಲ್ಲಾ ಬರಿ. ಇಂಡಿಯಾದ ಭಾಷೆ ತಾನೆ? ಲೂಯಿಸ್ ಕಡೆಯವ್ರು ಯಾರಾದ್ರೂ ಓದಬಹುದು." ಎಂಬತ್ತಮೂರರ ಆ ಮುಖದಲ್ಲಿ ಒಂದು ಕ್ಷಣ ಎಂಥ ಆಸೆ ಹೊತ್ತಿಕೊಂಡಿತು! ನಮ್ಮ ದೇಶ ಎಷ್ಟು ದೊಡ್ಡದೆಂದು ವಿವರಿಸಲು ನನಗೆ ಬಾಯಿ ಬರಲಿಲ್ಲ. ಅದಕ್ಕಾಗಿಯೇ ಇಷ್ಟೂ ಇಲ್ಲಿ ಬರೆದಿದ್ದೇನೆ.

ಪತ್ರ ಹಿಂದಿರುಗಿಸುವಾಗ ಅವರು, ಗದರಿಸದೆ, ಹವಾಮಾನದ ವಿಷಯ ಹೇಳುವಂತೆ ಹೇಳಿದರು — "ತುಂಬ ಚೆನ್ನಾಗಿ ಬರ್ದಿದೀಯ, ಶೈಲಾ. ಇದ್ರಲ್ಲೂ ನೀನೇ ಗೆಲ್ತೀಯ."

ಮನೆಗೆ ಬಂದು ಪತ್ರದ ಸಾಲುಗಳನ್ನು ಹೊಡೆದುಹಾಕುತ್ತ ಹೋದೆ — ನ್ಯಾಯ ಹೋಯಿತು, ಪಶ್ಚಾತ್ತಾಪ ಹೋಯಿತು, ಚೆಂದದ ವಾಕ್ಯಗಳೆಲ್ಲ ಹೋದವು.

ಗುರುವಾರ ಸಭೆ. ಯೂಸುಫ್ ಬರುತ್ತಾರೆ, ರೂನೆ ಬರುತ್ತಾರೆ, ಅನಘಾ ಕೂಡ ಬಂದು ಕೂರುತ್ತೇನೆ ಎಂದಿದ್ದಾಳೆ. ನಾನು ಎದ್ದು ಇಷ್ಟನ್ನು ಓದುತ್ತೇನೆ: ರೂನೆಯವರ ಕೌಂಟರಿನ ಬಗ್ಗೆ ನಾನು ಕೊಟ್ಟ ಅರ್ಥ ತಪ್ಪು. ಅದು ತಪ್ಪೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅವರು ತಿರುಗಿ ಉತ್ತರಿಸಲಾರರು ಎಂದು ತಿಳಿದೇ ಹೇಳಿದೆ.

ಓದಿ, ಕುಳಿತುಕೊಳ್ಳುತ್ತೇನೆ. ಯಾರು ಏನೇ ಕೇಳಿದರೂ ಅಂದು ಪ್ರತ್ಯುತ್ತರ ಕೊಡುವುದಿಲ್ಲ.