ಎರಡನೇ ಬ್ರೇಕು

ಬ್ರೇಕಮ್ಮನ ಹತ್ತಿರ ಕಾರು ಕಲಿಯೋಕೆ ಬರುತ್ತಿದ್ದವರು ಬಹುಪಾಲು ಹೆಂಗಸರೇ. ಬೇರೆ ಕಡೆ ಬೈಸಿಕೊಂಡು ಅತ್ತು ಬಂದವರು, ಗಂಡನ ಹತ್ತಿರ ಕಲಿಯೋಕೆ ಹೋಗಿ ಅವನ ಜತೆ ಮಾತು ಬಿಟ್ಟವರು, ಮೊಮ್ಮಕ್ಕಳಾದ ಮೇಲೆ ‘ನಾನೂ ಒಂದು ಕೈ ನೋಡೇಬಿಡ್ತೀನಿ’ ಅಂತ ಹೊರಟವರು. ಅವಳು ಯಾರಿಗೂ ದನಿ ಎತ್ತಿದವಳಲ್ಲ. ಎದುರಿಗೆ ಲಾರಿ ಎರಗಿ ಬರುತ್ತಿದ್ದರೂ, “ಅವನು ದೊಡ್ಡವನು, ಮೊದಲು ಹೋಗಲಿ ಬಿಡಮ್ಮ, ನಮಗೇನು ಅವಸರ” ಅನ್ನುತ್ತಾ ಪಕ್ಕದ ಸೀಟಿನಲ್ಲಿ ಕೂತೇ ತನ್ನ ಕಾಲಡಿಯ ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದಳು. ಎಷ್ಟು ಹಗುರಾಗಿ ಅಂದರೆ, ಕಾರನ್ನು ತಾವೇ ನಿಲ್ಲಿಸಿದೆವು ಅಂತ ಕಲಿಯುವವರಿಗೆ ಅನ್ನಿಸಿಬಿಡುತ್ತಿತ್ತು. “ನೋಡು, ಹೂವಿನ ಹಾಗೆ ನಿಲ್ಲಿಸಿದೆ!” ಅಂತ ಬೆನ್ನು ತಟ್ಟುವುದು ಬೇರೆ. ಹಾಗಾಗಿಯೇ ಆ ಅಡ್ಡಹೆಸರು ಬಂತು.

ಆ ಎರಡನೇ ಬ್ರೇಕನ್ನು ಮಾಡಿಕೊಟ್ಟವನು ಅವಳ ಗಂಡ.

ಅವನು ಲೇತ್ ಮೆಷಿನ್ ಕೆಲಸಗಾರ. ಕಾರು ಕೊಂಡಿದ್ದು ಕಲಿಸುವುದಕ್ಕಲ್ಲ, ಅವನ ತಾಯಿಗಾಗಿ. ಆ ಮುದುಕಿಗೆ ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ಚಿಕ್ಕ ಕಾರಿನಲ್ಲಿ ಕಾಲು ಚಾಚೋಕಾಗಲ್ಲ ಅಂತ ಸ್ವಲ್ಪ ಉದ್ದನೆಯ, ಹಿಂದೆ ಡಿಕ್ಕಿ ಇರುವ, ಬೂದಿ ಬಣ್ಣದ ಸೆಡಾನ್ ಆರಿಸಿದ್ದ. ಶೋರೂಮಿನ ಹುಡುಗಿ ಎಕ್ಸ್‌ಟೆಂಡೆಡ್ ವಾರಂಟಿಯ ಮಾತೆತ್ತಿದಾಗ ಇವಳು ಬೇಡ ಅಂತ ಮೊಣಕೈಯಲ್ಲಿ ತಿವಿದಳು. ಅವನು ನಕ್ಕು, “ಇರಲಿ ಬಿಡೇ, ನಮಗೇ ಇಲ್ಲದ ವಾರಂಟಿ ಕಾರಿಗಾದರೂ ಇರಲಿ” ಅಂದು ಸಹಿ ಹಾಕಿದ. ಬಳಕೆ ಏನು ಅಂತ ಕೇಳಿದ ಕಡೆ ‘ಸ್ವಂತಕ್ಕೆ’ ಅಂತ ಬರೆದ. ಅವತ್ತಿಗೆ ಅದು ನಿಜವೇ ಆಗಿತ್ತು.

ಅವನೇ ಅವಳಿಗೆ ಕಾರು ಕಲಿಸಿದ. ಅವಳು ಪಕ್ಕದ ಮನೆಯವಳಿಗೆ ಕಲಿಸಿದಳು. ಪಕ್ಕದ ಮನೆಯವಳು ತನ್ನ ನಾದಿನಿಯನ್ನು ಕಳಿಸಿದಳು. ಲೇತ್ ಅಂಗಡಿಗೆ ಕೆಲಸ ಕಡಿಮೆಯಾಗುತ್ತಾ ಬಂದ ಹೊತ್ತಿಗೆ ಇವಳ ಕಾರಿಗೆ ಜನ ಸಾಲು ಹಿಡಿದಿದ್ದರು. ಆಗಲೇ ಒಂದು ದಿನ ಅವನು ಅವಳನ್ನು ಎಡಗಡೆ ಸೀಟಿನಲ್ಲಿ ಕೂರಿಸಿ, ಕಾಲಿಗೆ ಚಪ್ಪಲಿ ಹಾಕಿಸಿ, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಅವಳು ಕುಳ್ಳಗಿದ್ದಳು, ಹುಡುಗಿಯಾಗಿದ್ದಾಗ ಬಿದ್ದು ಬಲಗಾಲಿನ ಹರಡಿನ ಗಂಟು ಸ್ವಲ್ಪ ಸೊಟ್ಟಗಾಗಿತ್ತು. ಮಾರುಕಟ್ಟೆಯಲ್ಲಿ ಸಿಗುವ ರೆಡಿಮೇಡ್ ಪೆಡಲು ಅವಳಿಗೆ ಒಗ್ಗುವುದಿಲ್ಲ ಅಂತ ಅವನೇ ಕಬ್ಬಿಣ ಕಡೆದು, ಆ ಸೊಟ್ಟಕ್ಕೆ ತಕ್ಕ ಹಾಗೆ ಬಗ್ಗಿಸಿ, ಮೇಲೆ ರಬ್ಬರ್ ಹಾಕಿ, ಕಾರಿನ ತಳಕ್ಕೆ ವೆಲ್ಡ್ ಮಾಡಿದ.

“ಒತ್ತಿ ನೋಡು.”

“ಸರಿಯಾಗಿದೆ.”

“ಸರಿಯಾಗಿದೆ ಅಂದ್ರೆ ಸಾಲದು. ಕಾಲಿಗೆ ಏನೂ ಗೊತ್ತಾಗಬಾರದು. ಇನ್ನೊಂದ್ಸಲ ಒತ್ತು.”

ಸಂಜೆಯವರೆಗೆ ಒತ್ತಿಸಿದ, ಬಿಚ್ಚಿದ, ಉಜ್ಜಿದ, ಮತ್ತೆ ಹಾಕಿದ. ಅತ್ತೆ ಬಾಗಿಲಲ್ಲಿ ಕೂತು, “ನಮ್ಮವನು ಹೆಂಡತಿ ಕಾಲು ಹಿಡಿದಿದ್ದು ಇವತ್ತು ಊರಿಗೆಲ್ಲ ಕಾಣ್ತಿದೆ” ಅಂತ ಛೇಡಿಸಿದರು.

ಅವನು ಹೋಗಿದ್ದು ಒಂದು ಸಾಮಾನ್ಯ ಬೆಳಿಗ್ಗೆ. ಮೆಷಿನ್ ಮುಂದೆ ನಿಂತಿದ್ದವನು ಎದೆ ಹಿಡಿದುಕೊಂಡು ಕೂತ, ಕೂತವನು ಏಳಲಿಲ್ಲ. ಅವಳು ಆಗ ಯಾರಿಗೋ ರಿವರ್ಸ್ ಕಲಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ, ನೆಂಟರೆಲ್ಲ ಹೊರಟ ಮೇಲೆ, ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಮಕ್ಕಳಿರಲಿಲ್ಲ. ಇಬ್ಬರೂ ಒಬ್ಬರ ಮುಂದೊಬ್ಬರು ಅಳುತ್ತಿರಲಿಲ್ಲ. ಅತ್ತೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ಸೊಸೆ ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು ಅಳುತ್ತಿದ್ದಳು. ಡ್ರೈವರ್ ಸೀಟಿನಲ್ಲಲ್ಲ, ಎಡಗಡೆಯದರಲ್ಲಿ. ಆಮೇಲೆ ಮುಖ ಒರೆಸಿಕೊಂಡು ಪಾಠಕ್ಕೆ ಹೊರಡುತ್ತಿದ್ದಳು. ಹೊಟ್ಟೆಪಾಡು ನಡೆಯಬೇಕಲ್ಲ.

ವಾರಂಟಿಯನ್ನು ಅವಳು ಪ್ರತಿ ಸಲವೂ ಮುಂದುವರಿಸುತ್ತಾ ಬಂದಳು. ಗಂಡ ಶುರು ಮಾಡಿದ್ದು, ತಾನು ನಿಲ್ಲಿಸುವುದು ಹೇಗೆ ಅನ್ನುವುದಷ್ಟೇ ಅವಳ ಲೆಕ್ಕ. ಕೌಂಟರಿನವರು ‘ಸ್ವಂತಕ್ಕೆ’ ಅಂತಿದ್ದ ಹಳೆಯ ಅರ್ಜಿಯನ್ನೇ ನಕಲು ಮಾಡಿ ರಸೀದಿ ಕೊಡುತ್ತಿದ್ದರು. ಒಮ್ಮೆ ಏಸಿ ಕೈಕೊಟ್ಟಾಗ ತಕರಾರಿಲ್ಲದೆ ರಿಪೇರಿ ಮಾಡಿಕೊಟ್ಟಿದ್ದರು ಕೂಡ. ಹಾಗಾಗಿ ಅವಳಿಗೆ ಧೈರ್ಯವಿತ್ತು.

ಕಾರು ಕೆಟ್ಟ ದಿನ ಡ್ರೈವರ್ ಸೀಟಿನಲ್ಲಿದ್ದವಳು ಒಬ್ಬಳು ನರ್ಸು. ಮೂರನೇ ಗೇರಿಗೆ ಹಾಕುವಾಗ ಕರಕರ ಸದ್ದಾಯಿತು. ಇನ್ನೊಮ್ಮೆ ಹಾಕಿದಾಗ ಒಳಗೆ ಏನೋ ಮುರಿದ ಹಾಗಾಗಿ ಗೇರು ಅಲ್ಲೇ ಕಚ್ಚಿಕೊಂಡಿತು. “ಅಕ್ಕಾ, ನಾನೇನಾದ್ರೂ ಮಾಡಿಬಿಟ್ನಾ?” ಅಂತ ನರ್ಸಿನ ಮುಖ ಬಿಳಿಚಿಕೊಂಡಿತು.

“ನೀನೇನು ಮಾಡ್ತೀಯ ತಾಯಿ. ಅದಕ್ಕೂ ವಯಸ್ಸಾಯ್ತು. ನೂರಾರು ಜನರ ಕೈ ಕಂಡಿದೆ, ಪಾಪ.”

ಕಾರನ್ನು ಎಳೆದುಕೊಂಡು ಸರ್ವಿಸ್ ಸೆಂಟರಿಗೆ ಒಯ್ದರು. ಅಲ್ಲಿನ ಸರ್ವಿಸ್ ಅಡ್ವೈಸರ್ ಒಳ್ಳೆಯವನೇ. ಮೆದು ಮಾತಿನವನು. ಅವನ ಹೆಂಡತಿಯೂ ಬ್ರೇಕಮ್ಮನ ಹತ್ತಿರವೇ ಕಲಿತವಳು. ಗೇರ್‌ಬಾಕ್ಸ್ ಬಿಚ್ಚಿಸಿ ನೋಡಿ, ಎಸ್ಟಿಮೇಟ್ ಅವಳ ಮುಂದಿಟ್ಟ. ಅವಳು ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಕಾರು ಮಾರಿದರೂ ಅಷ್ಟು ಬರುವುದು ಅನುಮಾನವಿತ್ತು.

“ವಾರಂಟಿ ಇದೆಯಲ್ಲಪ್ಪ?”

“ಇದೆ ಅಕ್ಕ. ಗೇರ್‌ಬಾಕ್ಸ್ ಅದರಲ್ಲಿ ಬರುತ್ತೆ. ಆದ್ರೆ...” ಅವನು ಸುತ್ತ ನೋಡಿ ದನಿ ತಗ್ಗಿಸಿದ. “ನಾಳೆ ಕಂಪನಿ ಕಡೆಯಿಂದ ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಆ ಪೆಡಲ್ ಕಂಡ್ರೆ ಮುಗೀತು. ಸ್ವಂತಕ್ಕೆ ಅಂತ ಬರೆದು ದುಡಿಮೆಗೆ ಬಳಸಿದ್ದೀರಿ ಅಂತಾರೆ, ಕಾರಿನ ಬಾಡಿ ಮುಟ್ಟಿದ್ದೀರಿ ಅಂತಾರೆ, ಕೈ ತೊಳ್ಕೋತಾರೆ.”

“ಮತ್ತೆ?”

“ತೆಗೆಸಿಬಿಡಿ. ಕೆಲಸ ಆದ್ಮೇಲೆ ಮತ್ತೆ ಕೂರಿಸಿದ್ರಾಯ್ತು.”

“ಬೋಲ್ಟ್ ಅಲ್ಲಪ್ಪ ಅದು. ವೆಲ್ಡಿಂಗು.”

“ಹಾಗಾದ್ರೆ ಕೊಯ್ಯಬೇಕಾಗುತ್ತೆ.”

ಅವಳು ತಿರುಗಿ ನೋಡಿದಳು. ಗಾಜಿನಾಚೆ ಕಾರು ಲಿಫ್ಟಿನ ಮೇಲೆ ಎತ್ತಿದ ಸ್ಥಿತಿಯಲ್ಲಿತ್ತು, ಗಾಲಿಗಳು ಗಾಳಿಯಲ್ಲಿ ಜೋತುಬಿದ್ದಿದ್ದವು. ಕಾರಿಲ್ಲದೆ ದಿನ ದೂಡುವುದು ಹೇಗೆ? ಅತ್ತೆಯ ಮಾತ್ರೆ, ಮನೆ ಬಾಡಿಗೆ, ಮುಂಗಡ ಕೊಟ್ಟು ಕಾಯುತ್ತಿರುವ ಹೆಂಗಸರು, ಎಲ್ಲ ಒಟ್ಟಿಗೇ ತಲೆಗೆ ನುಗ್ಗಿದವು. ಅತ್ತೆಗೆ ಫೋನ್ ಮಾಡಿ ಕೇಳೋಣ ಅಂತ ಒಮ್ಮೆ ಫೋನು ತೆಗೆದಳು. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಫೋನನ್ನು ಚೀಲಕ್ಕೆ ಹಾಕಿದಳು.

“ಆಯ್ತು, ತೆಗೆಸು” ಅಂದಳು. “ನಾನು ಇಲ್ಲಿರಲ್ಲ.”

ಎದುರಿನ ಅಂಗಡಿಗೆ ಹೋಗಿ ಚಹಾ ತೆಗೆದುಕೊಂಡಳು. ರಸ್ತೆಯ ಗದ್ದಲದ ನಡುವೆಯೂ ಕಟರಿನ ಕಿರ್ರೆನ್ನುವ ಸದ್ದು ಕಿವಿಗೆ ಬಿತ್ತು. ಎಷ್ಟೋ ಕಾರುಗಳಿದ್ದ ಜಾಗ, ಬೇರೆ ಯಾವುದರದೋ ಇದ್ದರೂ ಇರಬಹುದು ಅಂದುಕೊಂಡಳು. ಚಹಾ ಆರಿ ಕೆನೆ ಕಟ್ಟಿತು. ಅಂಗಡಿಯವನು, “ಬಿಸಿ ಮಾಡಿಕೊಡ್ಲಾ?” ಅಂದ. ಅವಳು ಆರಿದ್ದನ್ನೇ ಕುಡಿದು ಮನೆಗೆ ಹೋದಳು.

ಮಾರನೆಯ ದಿನ ಕಂಪನಿಯ ಇನ್‌ಸ್ಪೆಕ್ಟರ್ ಬಂದ. ಮುಖ ಗಂಟು ಹಾಕಿಕೊಂಡವನೇನಲ್ಲ, ತನ್ನ ಕೆಲಸ ತಾನು ಮಾಡುವವನು. ಕಾರನ್ನು ಲಿಫ್ಟಿನಿಂದ ಇಳಿಸಿ, ಬಾಗಿಲು ತೆಗೆದು, ಕಾಲ್ಚಾಪೆ ಎತ್ತಿ, ಟಾರ್ಚ್ ಬಿಟ್ಟ. ತಳದ ತಗಡಿನ ಮೇಲೆ ಕೊಯ್ದ ಗುರುತು ಹೊಸ ಗಾಯದ ಹಾಗೆ ಹೊಳೆಯುತ್ತಿತ್ತು. ಸುತ್ತ ಹಳೆಯ ವೆಲ್ಡಿಂಗಿನ ಕಪ್ಪು. ಅವನು ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

“ಇಲ್ಲಿ ಏನಿತ್ತಮ್ಮ?”

ಅಡ್ವೈಸರ್ ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು: “ಬ್ರೇಕಿತ್ತು. ನಾನು ಕಾರು ಕಲಿಸ್ತೀನಿ. ನಿನ್ನೆ ತೆಗೆಸಿದೆ.”

ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟ. “ಯಾಕೆ ತೆಗೆಸಿದಿರಿ? ಅದು ಇದ್ದಿದ್ರೆ, ಇದ್ದದ್ದು ಇದ್ದ ಹಾಗೆ ಬರೆದು ಮೇಲಿನವರಿಗೆ ಕಳಿಸ್ತಿದ್ದೆ. ಗೇರ್‌ಬಾಕ್ಸ್‌ಗೂ ಬ್ರೇಕಿಗೂ ಸಂಬಂಧ ಇಲ್ಲ, ಅರ್ಧ ಖರ್ಚಾದ್ರೂ ಕೊಡಿ ಅಂತ ಕೇಳೋಕೆ ದಾರಿ ಇತ್ತು. ಈಗ ಮುಚ್ಚಿಟ್ಟ ಹಾಗಾಯ್ತು. ಮುಚ್ಚಿಟ್ರೆ ನನ್ನ ಕೈಯಲ್ಲಿ ಏನೂ ಇರಲ್ಲ.”

ಅಡ್ವೈಸರ್ ತನ್ನ ಬೂಟು ನೋಡಿಕೊಂಡು ನಿಂತಿದ್ದ. ಅವಳು ಅವನ ಮೇಲೆ ಹರಿಹಾಯಲಿಲ್ಲ. ಇನ್‌ಸ್ಪೆಕ್ಟರನ ಹತ್ತಿರ ಗೋಗರೆಯಲೂ ಇಲ್ಲ. ಅವನು ಹೊರಟುಹೋದ ಮೇಲೆ ಕೇಳಿದ್ದು ಒಂದೇ: “ಆ ಪೆಡಲ್ ಎಲ್ಲಿದೆ? ಕೊಡಪ್ಪ, ಮನೆಗೆ ತಗೊಂಡು ಹೋಗ್ತೀನಿ.”

ಅಡ್ವೈಸರ್ ಓಡಿದ. ಬೆಂಚಿನ ಕೆಳಗೆ ನೋಡಿದ, ಕಸದ ಡ್ರಮ್ಮುಗಳನ್ನು ಬಗ್ಗಿಸಿ ನೋಡಿದ, ಮೆಕ್ಯಾನಿಕ್‌ಗಳನ್ನೆಲ್ಲ ಕೂಗಿ ಕೇಳಿದ. ಬೆಳಿಗ್ಗೆಯೇ ಗುಜರಿ ಗಾಡಿ ಬಂದು ಹಳೇ ಕಬ್ಬಿಣವನ್ನೆಲ್ಲ ತುಂಬಿಕೊಂಡು ಹೋಗಿತ್ತು.

“ಅಕ್ಕ, ನಾನು ಹೊಸದು ಮಾಡಿಸಿಕೊಡ್ತೀನಿ. ನನ್ನ ಖರ್ಚಲ್ಲೇ. ಅದಕ್ಕಿಂತ ಚೆನ್ನಾಗಿರೋದು...”

“ಬೇಡಪ್ಪ” ಅಂದಳು. ಅಳೋಣವೆಂದರೆ ಕಾರಿನ ಒಳಗೆ ಕೂರುವ ಹಾಗಿರಲಿಲ್ಲ, ಇನ್‌ಸ್ಪೆಕ್ಷನ್ ಮುಗಿದ ಕೂಡಲೇ ಅದನ್ನು ಮತ್ತೆ ಲಿಫ್ಟಿಗೆ ಏರಿಸಿಬಿಟ್ಟಿದ್ದರು. ಕೌಂಟರು, ಗಿರಾಕಿಗಳು, ಫ್ಯಾನಿನ ಕೆಳಗೆ ಪೇಪರ್ ಓದುತ್ತಿದ್ದವರು, ಎಲ್ಲರ ಕಣ್ಣೆದುರಿಗೇ ಅವಳು ಗೋಡೆಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದ ದಿನವೂ ಜನರ ಮುಂದೆ ಹಾಗೆ ಅತ್ತಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. “ಏನಂದ್ರು?” ಅಂದರು.

“ಆಗಲ್ಲ ಅಂದ್ರು.”

“ಅಷ್ಟೇ ತಾನೇ? ಹೋಗ್ಲಿ ಬಿಡು. ಮುಖ ಯಾಕೆ ಹೀಗೆ ಬಾತುಕೊಂಡಿದೆ?”

ಹೇಳದೇ ಇರಬಹುದಿತ್ತು. ಆದರೆ ಆ ಮನೆಯಲ್ಲಿ ಇನ್ನು ಮುಚ್ಚಿಡಲು ಅವಳಿಗೆ ತ್ರಾಣವಿರಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಅತ್ತೆಯ ಕೈ ನಿಂತಿತು. “ಕೊಯ್ಯುವಾಗ ನೀನು ಅಲ್ಲೇ ಇದ್ಯಾ?” ಅಂದರು.

“ಇರ್ಲಿಲ್ಲ ಅತ್ತೆ. ಎದುರುಗಡೆ ಚಹಾ ಕುಡೀತಿದ್ದೆ.”

“ನನ್ನನ್ನೊಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ಅನ್ನಿಸ್ತು. ಬೇಡ ಅಂತೀರಾ ಅಂತ ಕೇಳಲಿಲ್ಲ.”

“ಬೇಡ ಅಂತಿದ್ದೆ” ಅಂದರು ಅತ್ತೆ. “ನಾವು ಉಪವಾಸ ಬಿದ್ದರೂ ಬೇಡ ಅಂತಿದ್ದೆ.” ಗೋಡೆ ಹಿಡಿದು ಎದ್ದು ಒಳಗೆ ಹೋದರು. ಬಚ್ಚಲ ನಲ್ಲಿ ಬಿಟ್ಟ ಸದ್ದು ಬರುತ್ತದೆ ಅಂತ ಅವಳು ಕಾದಳು. ಬರಲಿಲ್ಲ. ಅತ್ತೆ ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು, ಬಟಾಣಿ ಸಿಪ್ಪೆ ಇನ್ನೂ ಮುಷ್ಟಿಯಲ್ಲೇ ಇತ್ತು.

ಆಮೇಲೆ ಬಹಳ ದಿನ ಇಬ್ಬರ ನಡುವೆ ಬೇಕಾದಷ್ಟೇ ಮಾತು. ಊಟಕ್ಕೆ ಬನ್ನಿ, ಮಾತ್ರೆ ತಗೊಳ್ಳಿ, ಬಾಗಿಲು ಹಾಕ್ಕೊಳ್ಳಿ. ಕಾರನ್ನು ಬಿಡಿ ಭಾಗಗಳಿಗಾಗಿ ಕೊಳ್ಳುವವನೊಬ್ಬ ಸರ್ವಿಸ್ ಸೆಂಟರಿನಿಂದಲೇ ಎಳೆದುಕೊಂಡು ಹೋದ. ಬಂದ ಹಣದಲ್ಲಿ ಮುಂಗಡ ಕೊಟ್ಟವರಿಗೆಲ್ಲ ವಾಪಸು ಕೊಟ್ಟಳು. ನರ್ಸು ಮಾತ್ರ ತೆಗೆದುಕೊಳ್ಳಲಿಲ್ಲ.

ಈಗ ಬ್ರೇಕಮ್ಮ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ಸಂಬಳಕ್ಕಿದ್ದಾಳೆ. ಕಾರು ಚಿಕ್ಕದು, ಹೊಸದು. ಅದರ ಪೆಡಲು ಅವಳ ಕಾಲಿಗೆ ದೂರ. ಸಂಜೆ ಹೊತ್ತಿಗೆ ಹರಡು ಊದಿಕೊಳ್ಳುತ್ತದೆ. ಮಾಲೀಕನಿಗೆ ಹೇಳಿದರೆ, “ಕುಶನ್ ಹಾಕ್ಕೊಳ್ಳಿ” ಅನ್ನುತ್ತಾನೆ. ಕಲಿಯುವವರು ಈಗಲೂ ಅವಳನ್ನೇ ಕೇಳಿಕೊಂಡು ಬರುತ್ತಾರೆ, ಆದರೆ ಬ್ರೇಕು ಮೊದಲಿನಷ್ಟು ಮೆತ್ತಗೆ ಬೀಳುವುದಿಲ್ಲ. ಜರ್ಕ್ ಹೊಡೆದಾಗ ಹುಡುಗಿಯರು ಬೆಚ್ಚಿಬೀಳುತ್ತಾರೆ. “ನನ್ನದೇ ತಪ್ಪಮ್ಮ, ನಿನ್ನದಲ್ಲ” ಅನ್ನುತ್ತಾಳೆ.

ಮೊನ್ನೆ ಅವಳು ಮನೆಗೆ ಬಂದು ಊದಿದ ಕಾಲು ಚಾಚಿ ಕೂತಿದ್ದಾಗ ಅತ್ತೆ ಬಿಸಿನೀರಿನ ಬೋಗುಣಿ ತಂದು ಮುಂದಿಟ್ಟರು. ಬಗ್ಗಲಾರದ ಮೊಣಕಾಲನ್ನು ಹೇಗೋ ಮಡಚಿ ಕೆಳಗೆ ಕೂತು, ಅವಳ ಪಾದವನ್ನು ತಾವೇ ಎತ್ತಿ ನೀರಿಗಿಳಿಸಿದರು. ಸೊಸೆ ಬೇಡ ಬೇಡ ಅಂದಳು. “ಸುಮ್ಮನಿರು” ಅಂದರು. ಸೊಟ್ಟ ಹರಡಿನ ಸುತ್ತ ಹೆಬ್ಬೆರಳು ಆಡಿಸುತ್ತಾ ಬಹಳ ಹೊತ್ತು ನೀರು ಹಾಕಿದರು. ಅವರ ಕಣ್ಣಿಂದಲೂ ಇಳಿಯುತ್ತಿತ್ತು, ಇವಳ ಕಣ್ಣಿಂದಲೂ ಇಳಿಯುತ್ತಿತ್ತು. ಇಬ್ಬರೂ ಒರೆಸಿಕೊಳ್ಳಲಿಲ್ಲ.