ಚೀಲದೊಳಗೆ ಕೈಯಿಡಿಸಿ ಮಾತು ಕಲಿಸುವ ಅಪೊಂಡಿ ಟೀಚರ್

ಕಿಸುಮು ಊರಿನಾಚೆ, ನಮ್ಮ ಸರೋವರದ ದಡದಲ್ಲಿ ನಾಲ್ಕು ವರ್ಷದ ಮಕ್ಕಳು ಬೆಳಗಿನ ಗಂಜಿ ಕುಡಿದು ಮುಗಿಸುವಷ್ಟರಲ್ಲಿ ಹತ್ತು ಸಾವಿರ ಹೊಸ ಪದ ಕಲಿಯುತ್ತಾರೆ. ಒಂದೊಂದನ್ನೂ ನಾನೇ ಎಣಿಸಿದ್ದೇನೆ. ಕಲಿಸುವವರು ಅಪೊಂಡಿ ಟೀಚರ್. ಈ ದಡ ದಾಟಿದರೆ ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಬೆಳಕು ಹರಿಯುತ್ತಿದೆ, ದೋಣಿಗಳು ದಡ ಸೇರುತ್ತಿವೆ. ಅಪೊಂಡಿ ಕೈಯೊಡ್ಡಿ ನಿಂತಿರುವುದು ಮೀನಿಗಲ್ಲ, ಹಳೆಯ ಸಾಮಾನಿಗೆ: ಬಲೆ ತೇಲಿಸುವ ಬೆಂಡು, ಬಲೆ ಮುಳುಗಿಸುವ ಗುಂಡು, ಬಲೆ ಹೆಣೆಯುವ ಮರದ ಸೂಜಿ. ಎಲ್ಲವೂ ಬಟ್ಟೆಚೀಲ ಸೇರುತ್ತವೆ. ಇವತ್ತು ಇದರದ್ದೇ ಸಾರಾ ಎಂದು ದೋಣಿಯವರು ರೇಗಿಸುತ್ತಾರೆ.

ಶಾಲೆಯೆಂದರೆ ಒಂದು ತಗಡಿನ ಶೆಡ್ಡು, ಅದರಲ್ಲಿ ಇಪ್ಪತ್ತಮೂರು ಮಕ್ಕಳು. ಅಪೊಂಡಿ ವಸ್ತುವನ್ನು ಮಗುವಿನ ಕೈಗಿಟ್ಟು ಮೊದಲು ಹೆಸರು ಹೇಳುತ್ತಾರೆ. ಆಮೇಲೆ ಅದನ್ನು ಚೀಲಕ್ಕೆ ಹಾಕಿ "ಸೂಜಿ ಕೊಡು" ಎನ್ನುತ್ತಾರೆ. "ಇದೇನು?" ಎಂಬ ಪ್ರಶ್ನೆ ಎಷ್ಟೋ ದಿನಗಳ ಮೇಲೆ. "ಮೊದ್ಲು ಕೈಗೆ ಗೊತ್ತಾಗ್ಲಿ. ಬಾಯಿಗೇನವಸರ?" ಎಂಬುದು ಅವರ ಮಾತು. ಹನ್ನೊಂದು ವರ್ಷದಿಂದ ಸಂಬಳವೆಂದರೆ ತಾಯಂದಿರು ತಂದುಕೊಡುವ ಒಣಮೀನು, ಮೆಕ್ಕೆಜೋಳದ ಹಿಟ್ಟು.

ದಡದ ಸಮಿತಿಯ ಮುಖ್ಯಸ್ಥ, ತಲೆ ನರೆತ ಒಗ್ವೆನೊ ಅವರಿಗೆ ಈ ಶೆಡ್ಡು ಮೀನಿನ ಮೂಟೆ ಇಡಲು ಬೇಕು. ಮಕ್ಕಳು ಒಕ್ಕೊರಲಿನಿಂದ ಕೂಗದಿದ್ದರೆ ಅದೆಂಥ ಶಾಲೆ ಎಂದು ಅವರ ವಾದ. ಕಳೆದ ವಾರ ಸಭೆ ಕರೆದು ಪಂಥ ಕಟ್ಟಿದರು: ಶಾಲೆಗೆ ಸೇರಿ ಆರು ತಿಂಗಳಾದರೂ ತುಟಿ ಬಿಚ್ಚದ ಪುಟ್ಟ ಅಕೆಯೊ ಮಾತಾಡಿದರೆ ಶೆಡ್ಡು ಮಕ್ಕಳದು, ಇಲ್ಲವಾದರೆ ಮೂಟೆಗಳದು.

ಹೇಳು, ಹೇಳು ಎಂದು ದಡವೆಲ್ಲ ಮಗುವಿನ ಮೇಲೆ ಮುಗಿಬಿತ್ತು. ಅಪೊಂಡಿ ಎಲ್ಲರನ್ನೂ ಸುಮ್ಮನಾಗಿಸಿದರು. ಶೆಡ್ಡು ಕೈತಪ್ಪುವಂತಿದ್ದರೂ "ಇದೇನು?" ಎಂದು ಕೇಳಲಿಲ್ಲ. ಸೂಜಿ ಕೊಡು ಎಂದರು. ಅಕೆಯೊ ನೋಡದೆಯೇ ಚೀಲಕ್ಕೆ ಕೈಯಿಟ್ಟು ಸೂಜಿ ಕೊಟ್ಟಳು. ಗುಂಡು ಕೊಟ್ಟಳು, ಬೆಂಡು ಕೊಟ್ಟಳು. ಮಾತು ಮಾತ್ರ ಇಲ್ಲ. ಇದೇನು ಮಹಾ ಎಂದು ಒಗ್ವೆನೊ ಎಲ್ಲವನ್ನೂ ಚೀಲಕ್ಕೆ ಮರಳಿ ಹಾಕಿ, ಕಣ್ಣು ಮುಚ್ಚಿ ತಾವೂ ಕೈಯಿಟ್ಟರು. ಬಲೆ ಮುಟ್ಟಿ ಎಷ್ಟು ವರ್ಷವಾಗಿತ್ತೋ, ಸಿಕ್ಕಿದ್ದನ್ನು ತಡವಿ "ಚಮಚ" ಎಂದರು.

ಆಗ ಅಕೆಯೊ ಎದ್ದು ನಿಂತು ನಲವತ್ತು ಮೀನು, ಹದಿನಾರು ಗಂಟು, ಎಂಟು ಗಾಳಿಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು. ಸರೋವರದ ನೀರಾನೆಗಳೂ ಕಿವಿ ನಿಮಿರಿಸಿದವು.

ಇಷ್ಟು ಬರೆದು ನಾನು ಓದಿ ಹೇಳುವಾಗ ಅಪೊಂಡಿ ಮಕ್ಕಳ ಕೈ ತೊಳೆಸುತ್ತಿದ್ದಾರೆ. ತಲೆ ಎತ್ತದೆಯೇ ಕೇಳುತ್ತಾರೆ:

"ಅಣ್ಣ, ನೀವೂ ಅಲ್ಲೇ ಇದ್ರಲ್ಲ. ಎಷ್ಟು ಹೇಳಿದ್ಲು?"

ಒಪ್ಪಿಕೊಳ್ಳುತ್ತೇನೆ. ಇಲ್ಲಿ ಮಕ್ಕಳು ಒಂದು ಬೆಳಿಗ್ಗೆ ಕಲಿಯುವುದು ಮೂರೇ ಪದ. ಅಕೆಯೊ ಅವತ್ತು ಆಡಿದ್ದು ಎರಡೇ ಮಾತು: "ಸೂಜಿ, ಅಜ್ಜ."

ಶೆಡ್ಡು ಉಳಿಯಲು ಅಷ್ಟು ಸಾಕಾಯಿತು.